ಘಟ್ಟಕ್ಕೆ ಹೊಡೆದ ಗಾಳಿ, ಗದ್ದೆಗೆ ಬಂದ ಹೊಡೆ

ಅರಬ್ಬಿ ಸಮುದ್ರದಿಂದ ಹೊರಟ ಮುಂಗಾರು ಗಾಳಿಗೆ ಉಡುಪಿ, ಹೆಬ್ರಿ, ಸೋಮೇಶ್ವರದವರೆಗೆ ದಾರಿ ಸಲೀಸು. ಸೋಮೇಶ್ವರ ದಾಟಿದ್ದೇ ತಡ, ಘಟ್ಟ ಅಡ್ಡ ನಿಲ್ಲುತ್ತದೆ. ಗಾಳಿ ಬಂದು ಘಟ್ಟಕ್ಕೆ ಹೊಡೆಯುತ್ತದೆ. ಮುಂದೆ ದಾರಿಯಿಲ್ಲದೆ ಮೇಲೇರುತ್ತದೆ, ಏರಿದಷ್ಟೂ ತಣಿಯುತ್ತದೆ, ಕಡಲಿನಿಂದ ಹೊತ್ತು ತಂದ ನೀರನ್ನೆಲ್ಲ ನೆತ್ತಿಯ ಮೇಲಿನ ಊರಿನಲ್ಲಿ ಇಳಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದ ಆಗುಂಬೆಗೆ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮೀರಿ ಮಳೆ ಬೀಳುವುದು ಹೀಗೆ. 1946ರ ಆಗಸ್ಟ್ ಒಂದೇ ತಿಂಗಳಲ್ಲಿ ಇಲ್ಲಿ 4,508 ಮಿ.ಮೀ. ಬಿದ್ದ ದಾಖಲೆ ಇದೆ. ಬೆಂಗಳೂರು ಅಷ್ಟು ಮಳೆ ಕಾಣಬೇಕಾದರೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಯಬೇಕು.

ಇಂಥ ಊರಿನಲ್ಲಿ ಮಳೆ ಸುಮ್ಮನೆ ‘ಬರುವುದಿಲ್ಲ’. ಜೂನ್‌ನಲ್ಲಿ ಹಿಡಿಯುತ್ತದೆ. ಹಿಡಿದ ಮೇಲೆ ಹೊಯ್ಯುತ್ತದೆ. ಗಾಳಿ ಜತೆಗೂಡಿದರೆ ಹೊಡೆಯುತ್ತದೆ. ನಡುವೆ ಒಂದು ಗಳಿಗೆ ಮಳೆ ಬಿಟ್ಟು ಹೊಳವಾಗುತ್ತದೆ. ಓರೆಯಾಗಿ ಜಗಲಿಯೊಳಕ್ಕೆ ನುಗ್ಗುವ ನೀರಿನ ಪುಡಿಗೆ ಇರಚಲು ಎಂದು ಹೆಸರು. ಇರಚಲು ಹೊಡೆಯುತ್ತದೆಂದೇ ಹಿಂದೆ ಮಳೆಗಾಲಕ್ಕೆ ಮುಂಚೆ ಜಗಲಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ಟಾರ್ಪಾಲು ಇಳಿಬಿಡುತ್ತಾರೆ. ಒಳಗೆ ಹಗ್ಗದ ಮೇಲಿನ ಬಟ್ಟೆ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಮಣ್ಣಿನ ಗೋಡೆಗೆ ಶೀತ ಹೊಡೆಯುತ್ತದೆ. ಶಾಲೆಯಲ್ಲಿ ಬೆಲ್ಲು ಹೊಡೆಯುತ್ತದೆ, ಮಕ್ಕಳು ಕೊಡೆ ಹಿಡಿದು ಹೊರಡುತ್ತಾರೆ. ಇಷ್ಟಾದರೂ ಯಾರೂ ಯಾರಿಗೂ ಹೊಡೆದಿಲ್ಲ.

‘ಹೊಡೆ’ ಎಂದರೇನು ಎಂದು ಯಾರನ್ನಾದರೂ ಕೇಳಿದರೆ ಮೊದಲು ಬರುವ ಉತ್ತರ ಏಟು, ಪೆಟ್ಟು, ಬಡಿತ. ನಿಘಂಟು ತೆರೆದರೂ ಅದೇ ಮೊದಲ ಅರ್ಥ. ಆದರೆ ಮಲೆನಾಡಿನ ಒಂದು ದಿನದ ಮಾತನ್ನು ಕಿವಿಗೊಟ್ಟು ಕೇಳಿದರೆ ನಿಜವಾದ ಏಟಿಗೆ ಈ ಮಾತು ಅಷ್ಟೇನೂ ಬಳಕೆಯಾಗುವುದಿಲ್ಲ. ಒಬ್ಬ ಇನ್ನೊಬ್ಬನ ಕೆನ್ನೆಗೆ ಕೈ ಬೀಸಿದ ಕತೆ ಹೇಳುವಾಗ ‘ಒಂದು ಕೊಟ್ಟೆ’, ‘ಎರಡು ಬಿಟ್ಟೆ’, ‘ಸರಿಯಾಗಿ ಇಕ್ಕಿದೆ’, ‘ಬಾರಿಸಿದೆ’ ಎನ್ನುತ್ತಾರೆ. ಏಟು ಬಿದ್ದವನು ಅದನ್ನು ‘ತಿಂದ’. ಕೊಡುವುದು, ಬಿಡುವುದು, ಇಕ್ಕುವುದು, ತಿನ್ನುವುದು: ಇವೆಲ್ಲ ಊಟಕ್ಕೆ, ಕೊಡುಕೊಳ್ಳುವಿಕೆಗೆ ಸೇರಿದ ಮಾತುಗಳು. ಹಿಂಸೆಗೆ ಇವನ್ನು ಕಡ ತಂದಿದ್ದೇವೆ. ‘ಹೊಡೆ’ ಮಾತ್ರ ಆ ಹೊತ್ತಿನಲ್ಲಿ ತೋಟದಲ್ಲೋ ಗದ್ದೆಯಲ್ಲೋ ರಸ್ತೆಯಲ್ಲೋ ದುಡಿಯುತ್ತಿರುತ್ತದೆ. ನನಗೆ ಈ ಮಾತಿನ ಮೇಲೆ ಅಕ್ಕರೆ ಹುಟ್ಟಿದ್ದು ಈ ಕಾರಣಕ್ಕೇ. ಇದರ ಅರ್ಥಗಳನ್ನು ಒಂದೊಂದಾಗಿ ಹಿಡಿದು ಹೋದರೆ ಮಲೆನಾಡಿನ ದುಡಿಮೆಯ ಚರಿತ್ರೆಯೇ ಸಿಗುತ್ತದೆ.

ದನದಿಂದ ಶುರು ಮಾಡೋಣ. ‘ಸಂಜೆ ಆಯ್ತು, ದನ ಹೊಡಕೊಂಡು ಬಾ’ ಎಂದರೆ ದನಕ್ಕೆ ಬಡಿ ಎಂದಲ್ಲ. ಬ್ಯಾಣದಲ್ಲಿ ಮೇಯುತ್ತಿರುವುದನ್ನು ಮುಂದೆ ನಡೆಸಿಕೊಂಡು ಕೊಟ್ಟಿಗೆಗೆ ಬಾ ಎಂದು. ಹಿಂದೆ ನಿಂತು ‘ಹೈ’ ಎಂದರೂ ಸಾಕು, ಕೋಲು ಎತ್ತಿದರೂ ಸಾಕು, ದನ ಹೊರಡುತ್ತದೆ. ಇಲ್ಲಿ ‘ಹೊಡೆ’ಯ ಒಳತಿರುಳು ಕಾಣಿಸುತ್ತದೆ: ಇಲ್ಲಿಂದ ಹೊರಟ ಬಲ ಅಲ್ಲಿ ಮುಟ್ಟಬೇಕು, ಮುಟ್ಟಿದ್ದು ಕದಲಬೇಕು. ದನ ಹೊಡೆಯುವುದು ಹೂಟಿಗೆ ಬಂದಾಗ ಎತ್ತು ಹೊಡೆಯುವುದಾಯಿತು, ಎತ್ತು ಗಾಡಿಗೆ ಕಟ್ಟಿದಾಗ ಗಾಡಿ ಹೊಡೆಯುವುದಾಯಿತು. ಆ ಗಾಡಿಯಲ್ಲಿ ತುಂಬಿದ್ದಕ್ಕೂ ಅದೇ ಮಾತು ಅಂಟಿತು. ಗೊಬ್ಬರ ಹೊಡೆಯುವುದು, ತೋಟಕ್ಕೆ ಮಣ್ಣು ಹೊಡೆಸುವುದು ಎಂದರೆ ಸಾಗಿಸಿ ಹಾಕುವುದು. ಬಯಲುಸೀಮೆಯಲ್ಲಿ ಕುಂಟೆ ಹೊಡೆಯುತ್ತಾರೆ. ಎತ್ತು ಹೋಗಿ ಟಿಲ್ಲರ್ ಬಂತು, ಟಿಲ್ಲರ್ ಹೊಡೆಯುತ್ತಾರೆ. ಎತ್ತಿನ ಗಾಡಿ ಹೋಗಿ ಜೀಪು, ಬಸ್ಸು ಬಂದರೂ ‘ಅವನು ಚೆನ್ನಾಗಿ ಗಾಡಿ ಹೊಡೀತಾನೆ’ ಎಂಬ ಮಾತು ಕದಲಲಿಲ್ಲ. ಎಂಜಿನ್ನಿಗೆ ಚಾಟಿ ಬೇಕಿಲ್ಲ, ಆದರೂ ಮಾತಿನಲ್ಲಿ ಎತ್ತು ಇನ್ನೂ ಉಳಿದಿದೆ.

ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಈ ಮಾತಿಗೆ ಬಿಡುವೇ ಇಲ್ಲ. ತೀರ್ಥಹಳ್ಳಿಯಿಂದ ಮಲ್ಪೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ ಇದು. ತಿರುವುಗಳು ಎಷ್ಟು ಬಿಗಿಯೆಂದರೆ ಇಲ್ಲಿ ಗಿಡ್ಡ ಬಸ್ಸುಗಳೇ ಓಡಬೇಕು. ಮಳೆ ಜೋರಾದ ವರ್ಷಗಳಲ್ಲಿ ಭಾರದ ಲಾರಿಗಳನ್ನು ತಡೆಯುತ್ತಾರೆ. ತಿರುವಿಗೊಮ್ಮೆ ಹಾರ್ನ್ ಹೊಡಿ. ಎದುರು ಬಸ್ಸು ಬಂದರೆ ಬ್ರೇಕ್ ಹೊಡಿ. ಜಾಗ ಸಾಲದಿದ್ದರೆ ರಿವರ್ಸ್ ಹೊಡಿ. ಹೊಸಬನಾದರೆ ಕ್ಲೀನರ್ ಇಳಿದು ಹಿಂದೆ ನಿಂತು ಸೀಟಿ ಹೊಡೆಯುತ್ತಾನೆ. ಸೂರ್ಯಾಸ್ತದ ಕಟ್ಟೆಯ ಮೇಲೆ ನಿಂತವರು ಫೋಟೊ ಹೊಡೆಯುತ್ತಾರೆ. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಗೆ ಈ ಊರಿನ ದೊಡ್ಡಮನೆಯಲ್ಲಿ ಕ್ಯಾಮೆರಾ ಇಟ್ಟ ಕಾಲದಿಂದಲೂ ಆಗುಂಬೆಯವರಿಗೆ ಕ್ಯಾಮೆರಾ ಹೊಸತಲ್ಲ.

ಈ ಪ್ರದೇಶದ ಬದುಕನ್ನು ಎತ್ತಿ ಹಿಡಿದಿರುವ ‘ಹೊಡೆ’ ಯಾವುದು ಎಂದು ಕೇಳಿದರೆ ಸಾಗರ, ಹೊಸನಗರ, ತೀರ್ಥಹಳ್ಳಿಯ ಯಾವ ಅಡಿಕೆ ಬೆಳೆಗಾರರೂ ಯೋಚಿಸದೆ ಹೇಳುತ್ತಾರೆ: ಔಷಧಿ ಹೊಡೆಯುವುದು. ಜೂನ್, ಜುಲೈನಲ್ಲಿ ಇಬ್ಬರು ಎದುರಾದರೆ ಕುಶಲಕ್ಕಿಂತ ಮೊದಲು ಬರುವುದು ಇದೇ.

‘ಎಂತ ಮಾರಾಯ, ಔಷ್ದಿ ಹೊಡ್ಸಿ ಆಯ್ತಾ?’

‘ಎಲ್ಲಿ ಹೊಡ್ಸದು? ಮಳೆ ಹೊಳವೇ ಆಗ್ತಿಲ್ಲ.’

ಈ ಎರಡು ಸಾಲಿನ ಹಿಂದೆ ಒಂದು ವರ್ಷದ ಅನ್ನ ಇದೆ. ಬಿಡದೆ ಹೊಯ್ಯುವ ಮಳೆ, ತಂಪು, ನಡುನಡುವೆ ಬಿಸಿಲು ಸೇರಿದರೆ ಅಡಿಕೆಗೆ ಕೊಳೆ ತಗಲುತ್ತದೆ. ಹಸಿ ಕಾಯಿಯ ಮೇಲೆ ನೀರು ಹೊಕ್ಕಂಥ ಕಲೆ ಕಾಣಿಸುತ್ತದೆ, ಆಮೇಲೆ ಬಿಳಿಯ ಬೂಷ್ಟು, ಆಮೇಲೆ ಮರದ ಬುಡದಲ್ಲಿ ಉದುರಿದ ಕಾಯಿಯ ರಾಶಿ. ಹಳಬರು ಇದಕ್ಕೆ ಕಂಡುಕೊಂಡಿದ್ದ ಉಪಾಯ ಕೊಟ್ಟೆ ಕಟ್ಟುವುದು. ಒಂದೊಂದು ಮರ ಹತ್ತಿ, ಒಂದೊಂದು ಗೊನೆಗೂ ಮಳೆ ಸೋಕದಂತೆ ಹೊದಿಕೆ ಕಟ್ಟಿ ಇಳಿಯಬೇಕು. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಈ ರೋಗದ ಬೆನ್ನು ಹತ್ತಿದರು, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಗುರುತಿಸಿದರು, 1910ರಲ್ಲಿ ಅದರ ಮೇಲೆ ವರದಿ ಪ್ರಕಟಿಸಿದರು. ಮುಂದೆ ಅವರು ಸಂಸ್ಥಾನದ ಕೃಷಿ ನಿರ್ದೇಶಕರೂ ಆದರು. ಅವರು ಸೂಚಿಸಿದ ಮದ್ದು ಬೋರ್ಡೋ ದ್ರಾವಣ.

ಆ ಮದ್ದು ಹುಟ್ಟಿದ್ದು ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುವ ರೂಢಿ ಅಲ್ಲಿತ್ತು. ಹಾಗೆ ಎರಚಿದ ಬಳ್ಳಿಗೆ ಬೂಷ್ಟು ರೋಗ ತಗಲದಿರುವುದನ್ನು ಬೋರ್ಡೋ ನಗರದ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿದರು. 1885ರಲ್ಲಿ ಅದು ಮದ್ದಾಗಿ ಲೋಕಕ್ಕೆ ತಿಳಿಯಿತು. ಕಳ್ಳರನ್ನು ಹೆದರಿಸಲು ಕಲಸಿದ ನೀರು ಕಾಲು ಶತಮಾನದ ಆಚೆ ಮಲೆನಾಡಿನ ಅಡಿಕೆ ಉಳಿಸಿತು. ಇವತ್ತೂ ಲೆಕ್ಕ ಅದೇ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆಬೇರೆ ಕರಗಿಸಿ ಆಮೇಲೆ ಕೂಡಿಸಬೇಕು, ಕಬ್ಬಿಣದ ಪಾತ್ರೆ ಮುಟ್ಟಿಸಬಾರದು. ಹದ ನೋಡಲು ಚೂರಿಯ ಅಲಗು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಬೀಳಬೇಕು.

ಮಾತಿನ ಕಡೆಗೆ ಬಂದರೆ, ಔಷಧಿಯನ್ನು ನಮ್ಮವರು ಕುಡಿಯುತ್ತಿದ್ದರು, ನೆಕ್ಕುತ್ತಿದ್ದರು, ತೇಯ್ದು ಹಚ್ಚುತ್ತಿದ್ದರು. ಅದನ್ನು ‘ಹೊಡೆಯುವುದು’ ಪಂಪು ಬಂದ ಮೇಲಿನ ಮಾತು. ಕೆಳಗೆ ನಿಂತವನು ಪಂಪು ಒತ್ತಿದರೆ, ಕಾಲಿಗೆ ತಳೆ ಹಾಕಿ ಮರದ ತುದಿಯಲ್ಲಿ ಕೂತ ಕೊನೆಗಾರ ಗೊನೆಯ ಸಂದುಸಂದಿಗೂ ನೀಲಿ ನೀರು ಮುಟ್ಟಿಸಬೇಕು. ಒಂದು ಮರದಿಂದ ಇಳಿಯದೆ ಬಳುಕಿ ಪಕ್ಕದ ಮರ ಹಿಡಿಯುವ ನುರಿತವರ ಕೆಲಸ ನೋಡುವಾಗ ಎದೆ ಝಲ್ಲೆನ್ನುತ್ತದೆ. ಹಾವಸೆ ಕಟ್ಟಿದ ಒದ್ದೆ ಮರದಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡವರು, ಜೀವ ಕಳೆದುಕೊಂಡವರು ಮಲೆನಾಡಿನ ಊರೂರಲ್ಲಿ ಇದ್ದಾರೆ. ಅಡಿಕೆಯ ಧಾರಣೆ ಪತ್ರಿಕೆಯಲ್ಲಿ ದಿನವೂ ಬರುತ್ತದೆ, ಇವರ ಸುದ್ದಿ ಬಂದರೆ ಒಂದು ದಿನ. ಈಚಿನ ವರ್ಷಗಳಲ್ಲಿ ನೆಲದ ಮೇಲೇ ನಿಂತು ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ ಬಂದಿದೆ. ಅದು ದುಬಾರಿ, ಹಿಡಿಯುವುದೂ ಸುಲಭವಲ್ಲ. ಹಾಗಿದ್ದರೂ ಮರದ ತುದಿಯಿಂದ ಮನುಷ್ಯನನ್ನು ನೆಲಕ್ಕೆ ಇಳಿಸಿದ ಸಾಧನ ಎಂಬ ಒಂದೇ ಕಾರಣಕ್ಕೆ ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ.

‘ಹೊಡೆ’ಗೆ ಒಬ್ಬ ಅಣ್ಣನಿದ್ದಾನೆ: ‘ಹೊಯ್’. ಹಳಗನ್ನಡದಲ್ಲಿ ಇಬ್ಬರೂ ಪಕಾರದವರು, ಪೊಡೆ ಮತ್ತು ಪೊಯ್. ಪಕಾರ ಹಕಾರವಾದದ್ದಕ್ಕೆ ಎಲ್ಲರೂ ಬಲ್ಲ ಸಾಕ್ಷಿ ಒಂದು ರಾಜವಂಶದ ಹೆಸರು. ಸೊಸೆವೂರಿನಲ್ಲಿ ಜೈನ ಮುನಿ ಸುದತ್ತರ ಮೇಲೆ ಹುಲಿ ಎರಗಿದಾಗ ಅವರು ‘ಪೊಯ್ ಸಳ’ ಎಂದರು, ಸಳ ಹೊಡೆದ, ವಂಶ ಪೊಯ್ಸಳವಾಗಿ ಆಮೇಲೆ ಹೊಯ್ಸಳವಾಯಿತು ಎಂಬ ಕತೆಯನ್ನು ಬೇಲೂರಿನ ಶಾಸನ ಹೇಳುತ್ತದೆ. ಸೊಸೆವೂರು ಎಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅದೂ ಮಲೆನಾಡೇ. ಕತೆ ಎಷ್ಟು ನಿಜ ಎಂಬುದು ಇತಿಹಾಸಕಾರರ ಪ್ರಶ್ನೆ. ನನ್ನ ಗಮನ ‘ಹೊಯ್’ನ ಇಬ್ಬಗೆಯ ಮೇಲೆ. ಅದಕ್ಕೆ ಹೊಡೆಯುವುದೂ ಅರ್ಥ, ಸುರಿಯುವುದೂ ಅರ್ಥ. ದೋಸೆ ಹೊಯ್ಯುತ್ತಾರೆ, ಎರಕ ಹೊಯ್ಯುತ್ತಾರೆ, ಹಿಂದೆ ಯುದ್ಧದಲ್ಲಿ ಕತ್ತಿಯಿಂದ ಹೊಯ್ಯುತ್ತಿದ್ದರು. ಬಯಲುನಾಡಿನ ಪೇಟೆಯ ಮಾತಿನಲ್ಲಿ ‘ಹೊಯ್’ ಸವೆದುಹೋಗಿದೆ, ಮಲೆನಾಡಿನ ಮಳೆಯಲ್ಲಿ ಗಟ್ಟಿಯಾಗಿದೆ. ‘ಎಂತಾ ಮಳೆ ಹೊಯ್ತದೆ’ ಎನ್ನುವಾಗ ನೀರು ಸುರಿಯುವುದೂ ನೆಲಕ್ಕೆ ಏಟು ಬೀಳುವುದೂ ಒಂದೇ ಮಾತಿನಲ್ಲಿ ಬರುತ್ತವೆ. ಆಗುಂಬೆಯ ಮಳೆಯನ್ನು ಕಂಡವರು ಈ ಎರಡನ್ನು ಬೇರೆ ಮಾಡಲಾರರು.

ತೀರ್ಥಹಳ್ಳಿ ತಾಲ್ಲೂಕಿನ ಸ್ಥಳಪುರಾಣಗಳಲ್ಲೂ ‘ಹೊಡೆ’ಗೆ ಜಾಗವಿದೆ. ಮಾಯಾಜಿಂಕೆಯಾಗಿ ಬಂದ ಮಾರೀಚನನ್ನು ರಾಮ ಹೊಡೆದ ಜಾಗ ಮೃಗವಧೆ, ಹೆಸರೇ ಕತೆ ಹೇಳುತ್ತದೆ. ಸೀತೆಗೆ ಬಾಯಾರಿದಾಗ ರಾಮ ನೆಲಕ್ಕೆ ಬಾಣ ಹೊಡೆದು ನೀರು ಚಿಮ್ಮಿಸಿದ ಜಾಗ ಅಂಬುತೀರ್ಥ. ಶರಾವತಿ ಹುಟ್ಟುವುದು ಅಲ್ಲಿ. ಶರ ಎಂದರೆ ಬಾಣ. ಆ ನದಿ ಹೊಸನಗರ, ಸಾಗರ ಹಾದು ಜೋಗದಲ್ಲಿ 253 ಮೀಟರ್ ಧುಮುಕುತ್ತದೆ. 1948ರಲ್ಲಿ ಜೋಗದ ಬುಡದಲ್ಲಿ ವಿದ್ಯುದಾಗಾರ ಶುರುವಾಯಿತು, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆಲ್ಲ ಬೆಳಕು ಹೋಯಿತು, ಈ ಕಣಿವೆಯ ಊರುಗಳು ಮುಳುಗಿದವು. ಮುಳುಗಡೆಯಾಗಿ ಎದ್ದುಹೋದ ಎಷ್ಟೋ ಕುಟುಂಬಗಳ ಭೂಮಿಯ ಹಕ್ಕಿನ ಪ್ರಶ್ನೆ ಈಗಲೂ ಮುಗಿದಿಲ್ಲ. ವಿದ್ಯುತ್ತಿನ ಜತೆ ‘ಹೊಡೆ’ಗೆ ಇನ್ನೊಂದು ಕೆಲಸವೂ ಬಂತು, ‘ಕರೆಂಟು ಹೊಡೀತು’. ರಾಮನ ಬಾಣದಿಂದ ಹುಟ್ಟಿದ ನದಿ ತಂತಿಯಲ್ಲಿ ಹರಿದು ಬಂದು ಮತ್ತೆ ಹೊಡೆಯುತ್ತದೆ.

ಕಾಡಿನಲ್ಲಿ ‘ಹೊಡೆ’ ಎಂದರೆ ಕೊಲ್ಲು. ‘ಹಂದಿ ಹೊಡೆದರು’ ಎಂದರೆ ಕೋವಿಯಿಂದ ಉರುಳಿಸಿದರು. ಕುವೆಂಪು ಅವರ ಕಾದಂಬರಿಗಳನ್ನು ಓದಿದವರಿಗೆ ಮಲೆನಾಡಿನ ಶಿಕಾರಿಯ ಹುಚ್ಚು ಗೊತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಮಾತನ್ನು ಅಪರಾಧದ ಪಟ್ಟಿಗೆ ಸೇರಿಸಿತು. ಹಾವಿನ ವಿಷಯದಲ್ಲಿ ಆಗುಂಬೆಯ ನಡವಳಿಕೆ ಕಾಯ್ದೆಗಿಂತ ಹಳೆಯದು. ಉಳಿದ ಕಡೆ ಮನೆಗೆ ಹಾವು ಬಂದರೆ ‘ಹೊಡೀರಿ’ ಎಂಬ ಕೂಗು ಏಳುತ್ತದೆ. ಇಲ್ಲಿ ಕಾಳಿಂಗ ಬಂದರೆ ಬಹಳ ಮನೆಗಳಲ್ಲಿ ಕೈಮುಗಿದು ಕಾಯುತ್ತಾರೆ, ಈಗ ಹಿಡಿದು ಕಾಡಿಗೆ ಬಿಡುವವರಿಗೆ ಫೋನ್ ಹೊಡೆಯುತ್ತಾರೆ. ತರಗೆಲೆ ಗುಡ್ಡೆ ಹಾಕಿ ಗೂಡು ಕಟ್ಟಿ ಮೊಟ್ಟೆಯಿಡುವ, ಬೇರೆ ಹಾವುಗಳನ್ನೇ ತಿಂದು ಬದುಕುವ ಈ ಹಾವಿನ ಅಧ್ಯಯನಕ್ಕೆಂದೇ ಉರಗತಜ್ಞ ರಾಮ್ಯುಲಸ್ ವಿಟೇಕರ್ 2005ರಲ್ಲಿ ಆಗುಂಬೆ ಮಳೆಕಾಡು ಸಂಶೋಧನಾ ಕೇಂದ್ರ ಕಟ್ಟಿದರು. 2024ರಲ್ಲಿ ವಿಜ್ಞಾನಿಗಳು ಪಶ್ಚಿಮಘಟ್ಟದ ಕಾಳಿಂಗವನ್ನು ಪ್ರತ್ಯೇಕ ಜಾತಿಯೆಂದು ಗುರುತಿಸಿ, ಒಫಿಯೊಫೇಗಸ್ ಕಾಳಿಂಗ ಎಂದು ಕನ್ನಡದ ಹೆಸರನ್ನೇ ಇಟ್ಟರು. ಹೊಡೆಯದೆ ಬಿಟ್ಟವರ ಬಾಯಿಯ ಹೆಸರು ಜಗತ್ತಿನ ದಾಖಲೆಗೆ ಹೋಯಿತು. ಈ ಸುದ್ದಿ ಓದಿದ ದಿನ ನನಗಾದ ಸಂತೋಷ ಸಣ್ಣದಲ್ಲ.

ಬಾಯಿಂದ ಹೊಡೆಯುವವು ಬೇರೆಯೇ ಇವೆ. ಪಟ್ಟಾಂಗ ಹೊಡೆಯುವುದು, ಲೊಟ್ಟೆ ಹೊಡೆಯುವುದು, ಉರು ಹೊಡೆಯುವುದು, ಗೊರಕೆ ಹೊಡೆಯುವುದು. ಓದದೆ ಚಕ್ಕರ್ ಹೊಡೆದವನು ಪರೀಕ್ಷೆಯಲ್ಲಿ ಗೋತಾ ಹೊಡೆಯುತ್ತಾನೆ. ಚಂಡೆ ಮದ್ದಲೆಯವರು ಮಾತ್ರ ‘ಹೊಡೆ’ಯನ್ನು ಹತ್ತಿರ ಸೇರಿಸುವುದಿಲ್ಲ. ಚಂಡೆಗೆ ಬೀಳುವುದು ಕೋಲಿನ ಏಟೇ ಆದರೂ ಅದನ್ನು ಬಾರಿಸಬೇಕು, ಮದ್ದಲೆಯನ್ನು ನುಡಿಸಬೇಕು. ಕಲೆಯ ಮುಂದೆ ಮಾತು ತಾನಾಗಿ ತಗ್ಗುತ್ತದೆ. ‘ಹೊಡೆ’ಯ ಇಂಥ ಬಳಕೆ ಕನ್ನಡವೊಂದರ ಆಸ್ತಿಯೂ ಅಲ್ಲ. ತಮಿಳರ ‘ಅಡಿ’, ತೆಲುಗರ ‘ಕೊಟ್ಟು’, ಹಿಂದಿಯ ‘ಮಾರ್‌ನಾ’ ಹೀಗೇ ಊರೆಲ್ಲ ಸುತ್ತುತ್ತವೆ. ಚೀನೀ ಭಾಷೆಯಲ್ಲಿ ಹೊಡೆಯುವುದಕ್ಕಿರುವ ‘ದಾ’ ಎಂಬ ಮಾತೂ ಫೋನ್ ಮಾಡುವುದಕ್ಕೆ, ಮೀನು ಹಿಡಿಯುವುದಕ್ಕೆ, ನೀರು ತುಂಬುವುದಕ್ಕೆ, ಕೊಡೆ ಬಿಡಿಸಿ ಹಿಡಿಯುವುದಕ್ಕೂ ಬರುತ್ತದೆ.

ಇನ್ನು ಗದ್ದೆ. ಆಷಾಢದಲ್ಲಿ ನೆಟ್ಟ ಸಸಿ ಬೇರು ಹಿಡಿದು, ತೆಂಡೆಯೊಡೆದು, ಆಶ್ವೀಜದ ಹೊತ್ತಿಗೆ ಅದರ ದಂಟಿನ ಮೇಲ್ಭಾಗ ಉಬ್ಬುತ್ತದೆ. ತೆನೆ ಇನ್ನೂ ಹೊರಗೆ ಬಂದಿರುವುದಿಲ್ಲ, ಎಲೆಯ ಒರೆಯೊಳಗೇ ಇರುತ್ತದೆ. ಇದಕ್ಕೆ ರೈತರು ‘ಹೊಡೆ’ ಎನ್ನುತ್ತಾರೆ. ‘ಗದ್ದೆ ಹೊಡೆಗೆ ಬಂತು’, ‘ಹೊಡೆ ತುಂಬಿದೆ’. ಕೇಳಲು ಅದೇ ಮಾತು, ಹುಟ್ಟು ಬೇರೆ. ಹಳಗನ್ನಡದಲ್ಲಿ ಪೊಡೆ ಎಂದರೆ ಹೊಟ್ಟೆ, ಬಸಿರು. ಆ ಪೊಡೆಯೂ ಹೊಡೆಯಾಯಿತು. ಏಟಿನ ಮಾತೂ ಬಸಿರಿನ ಮಾತೂ ಒಂದೇ ರೂಪ ತೊಟ್ಟು ಒಂದೇ ಗದ್ದೆಯಲ್ಲಿ ನಿಂತವು. ಒಂದು ಹೊಡೆಯಿಂದ ಎತ್ತು ನಡೆಯಿತು, ಗೊಬ್ಬರ ಬಂತು. ಇನ್ನೊಂದು ಹೊಡೆಯಲ್ಲಿ ಭತ್ತ ತುಂಬಿತು.

ಭತ್ತ ಬಸಿರಾಗಿದೆ ಎಂಬುದನ್ನು ಮಲೆನಾಡಿನವರು ಹಬ್ಬವಾಗಿ ಆಚರಿಸುತ್ತಾರೆ. ಸೀಗೆ ಹುಣ್ಣಿಮೆ, ಅಂದರೆ ಭೂಮಿ ಹುಣ್ಣಿಮೆಯ ರಾತ್ರಿಯಿಡೀ ಅಡುಗೆ ನಡೆಯುತ್ತದೆ; ಹತ್ತಾರು ಬಗೆಯ ಸೊಪ್ಪು ಬೇಯುತ್ತದೆ. ಬಸುರಿಗೆ ಬಯಕೆ ಬಡಿಸುವಂತೆ ಬೆಳಗಿನ ಜಾವ ಗದ್ದೆಗೆ ಹೋಗಿ ಪೈರಿಗೆ ಪೂಜೆ ಮಾಡಿ ಅನ್ನದ ಚರಗ ಚೆಲ್ಲುತ್ತಾರೆ. ಸಾಗರ, ಹೊಸನಗರ, ಸೊರಬದ ದೀವರ ಸಮುದಾಯದ ಹೆಣ್ಣುಮಕ್ಕಳು ಆ ಅನ್ನ ಹೊರುವ ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿನಾರಿನ ಕುಂಚದಿಂದ ಅಕ್ಕಿಹಿಟ್ಟಿನ ಬಿಳಿ ಗೆರೆಗಳಲ್ಲಿ ಚಿತ್ತಾರ ಬರೆಯುತ್ತಾರೆ. ಇವತ್ತು ಆ ಚಿತ್ತಾರ ಚೌಕಟ್ಟಿನೊಳಗೆ ಕೂತು ನಗರದ ಗೋಡೆಗೂ ಹೋಗಿದೆ. ಅದರ ಮೊದಲ ಜಾಗ ಹೊಡೆ ತುಂಬಿದ ಗದ್ದೆಯ ಬದು.

ಇದೇ ದೀವರ ಬಾಯಲ್ಲಿ, ಮಲೆನಾಡಿನ ಎಲ್ಲ ಬಡವರ ಬಾಯಲ್ಲಿ ಇನ್ನೊಂದು ಮಾತಿದೆ: ‘ಬೆನ್ನ ಮೇಲೆ ಹೊಡೆದರೂ ಹೊಟ್ಟೆ ಮೇಲೆ ಹೊಡೀಬಾರದು.’ ‘ಹೊಡೆ’ಯ ಅರ್ಥಗಳಲ್ಲಿ ಇದಕ್ಕಿಂತ ಕಠೋರವಾದದ್ದನ್ನು ನಾನು ಕೇಳಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಆ ಹೊಡೆತ ಬಿದ್ದದ್ದು ಕೋಲಿನಿಂದಲ್ಲ, ಕೊಳಗದಿಂದ. ಗೇಣಿಭತ್ತ ಅಳೆದು ಕೊಡುವ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದಾಗಿತ್ತು. ಒಂದೊಂದು ಕೊಳಗಕ್ಕೂ ರೈತನ ಮನೆಯ ಅನ್ನ ಕೊಂಚ ಕೊಂಚವಾಗಿ ಒಡೆಯನ ಕಣಜಕ್ಕೆ ಹೋಗುತ್ತಿತ್ತು. 1951ರ ಏಪ್ರಿಲ್‌ನಲ್ಲಿ ಗೇಣಿದಾರರು, ಬಹುಪಾಲು ದೀವರು, ಕೈ ಎತ್ತದೆ ಸತ್ಯಾಗ್ರಹಕ್ಕೆ ನಿಂತರು. ಗೇಣಿದಾರರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಜತೆ ನಿಂತರು, ಜೂನ್‌ನಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಸತ್ಯಾಗ್ರಹಿಗಳು ಜೈಲು ತುಂಬಿದರು. ಮುಂದೆ 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಿನ ಪುಸ್ತಕಕ್ಕೆ ಇಳಿಯಿತು.

ಹಾಗೆ ಕೈಗೆ ಬಂದ ಗದ್ದೆಗಳಲ್ಲಿ ಎಷ್ಟೋ ಇವತ್ತು ಅಡಿಕೆ ತೋಟವಾಗಿವೆ. ಭತ್ತಕ್ಕೆ ಬೆಲೆಯಿಲ್ಲ, ನಾಟಿಗೆ ಆಳಿಲ್ಲ. ರೈತರನ್ನು ದೂರುವ ಮನಸ್ಸು ನನಗಿಲ್ಲ. ಆದರೆ ತೋಟದಲ್ಲಿ ಬೆಳೆದ ಹುಡುಗರಿಗೆ ಔಷಧಿ ಹೊಡೆಯುವುದು ಗೊತ್ತು, ಗದ್ದೆ ಹೊಡೆಗೆ ಬರುವುದು ಗೊತ್ತಿಲ್ಲ. ಶಾಲೆಯಲ್ಲಿ ಮೇಷ್ಟ್ರುಗಳು ಮಕ್ಕಳಿಗೆ ‘ಹೊಡೆ’ಯನ್ನು ವಾಕ್ಯದಲ್ಲಿ ಬಳಸಲು ಹೇಳಿದರೆ ಆ ವಾಕ್ಯಗಳನ್ನು ಮನೆಯ ಅಜ್ಜ ಅಜ್ಜಿಯರಿಂದ ಕೇಳಿ ಬರೆದು ತರಲು ಹೇಳಬೇಕು. ಯಾವ ತಿಂಗಳಲ್ಲಿ, ಯಾವ ಕೆಲಸ ಮಾಡುವಾಗ, ಕೈಯಲ್ಲಿ ಏನು ಹಿಡಿದಾಗ ಆ ಮಾತು ಬಂತು ಎಂಬುದನ್ನೂ ಬರೆಸಬೇಕು. ಸಾಗರದ ಮಕ್ಕಳು ತರುವ ಪಟ್ಟಿಗೂ ಆಗುಂಬೆಯ ಮಕ್ಕಳು ತರುವ ಪಟ್ಟಿಗೂ ಎಷ್ಟು ಅಂತರ ಇರುತ್ತದೆಂದು ನೋಡುವ ಆಸೆ ನನಗೆ ಬಹಳ ಇದೆ.